ವೆಬ್ ಅರ್ಜಿಗಳ ಇಮ್ಮಡಿ ಪರಿಶೀಲನೆ

ವಿದ್ಯಾರ್ಥಿಯೊಬ್ಬನು ಪ್ರವೇಶದ ಅರ್ಜಿಯನ್ನು ವೆಬ್ ಪುಟದಲ್ಲಿ ತುಂಬಿ ಕಳುಹಿಸುವಾಗ ಅದರ ವಿವರಗಳು ಎರಡು ಕಡೆ ಪರಿಶೀಲನೆಗೆ ಒಳಗಾಗಬೇಕು: ಮೊದಲು ಅವನ ಮುಂದಿರುವ ಬ್ರೌಸರಿನಲ್ಲಿ, ಅನಂತರ ಅರ್ಜಿಯನ್ನು ಸ್ವೀಕರಿಸುವ ಸರ್ವರಿನಲ್ಲಿ. ಒಂದೇ ಕೆಲಸವನ್ನು ಎರಡು ಸಲ ಮಾಡುವುದು ವ್ಯರ್ಥವೆಂದು ಮೇಲುನೋಟಕ್ಕೆ ತೋರಬಹುದು. ಇವೆರಡರ ಉದ್ದೇಶಗಳೇ ಬೇರೆಯೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಪಿನ್‌ಕೋಡನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ೧೯೭೨ರಲ್ಲಿ ಭಾರತದ ಅಂಚೆ ವ್ಯವಸ್ಥೆಯಲ್ಲಿ ಜಾರಿಗೆ ಬಂದ ಈ ಸಂಖ್ಯೆಗೆ ೬ ಅಂಕಿಗಳು, ಮೊದಲನೆಯದು ಸೊನ್ನೆಯಾಗಿರುವುದಿಲ್ಲ. ಇಷ್ಟನ್ನು ಬ್ರೌಸರೇ ನೋಡಬಲ್ಲದು. ೧೯೯೫ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆ ಬಂದಮೇಲೆ ಇಂಥ ಪರಿಶೀಲನೆ ಪುಟದೊಳಗೇ ಸಾಧ್ಯವಾಯಿತು. ೨೦೧೪ರಲ್ಲಿ ಶಿಫಾರಸಿನ ರೂಪದಲ್ಲಿ ಪ್ರಕಟವಾದ ಎಚ್‌ಟಿಎಂಎಲ್-೫ ‘ರಿಕ್ವೈರ್ಡ್’, ‘ಪ್ಯಾಟರ್ನ್’ ಮೊದಲಾದ ಸೂಚಕಗಳಿಂದ ಅದನ್ನು ಸುಲಭಗೊಳಿಸಿತು. ಐದೇ ಅಂಕಿ ಬರೆದವನಿಗೆ ತಪ್ಪು ಆ ಕ್ಷಣವೇ ತಿಳಿಯುತ್ತದೆ. ಆದರೆ ರೂಪ ಸರಿಯಾಗಿರುವ ಸಂಖ್ಯೆ ನಿಜವಾಗಿ ಬಳಕೆಯಲ್ಲಿದೆಯೇ ಎಂಬುದನ್ನು ರೂಪದಿಂದ ನಿರ್ಣಯಿಸಲಾಗದು. ಅದಕ್ಕೆ ಸರ್ವರಿನಲ್ಲಿರುವ ಪಟ್ಟಿಯನ್ನು ನೋಡಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದುಂಟು. ಬ್ರೌಸರು ಇರುವುದು ಬಳಕೆದಾರನ ವಶದಲ್ಲಿ. ಅವನು ಜಾವಾಸ್ಕ್ರಿಪ್ಟನ್ನು ನಿಲ್ಲಿಸಬಹುದು, ಪುಟವನ್ನು ತಿದ್ದಬಹುದು, ಇಲ್ಲವೆ ಪುಟವನ್ನೇ ತೆರೆಯದೆ ಬೇರೊಂದು ಪ್ರೋಗ್ರಾಮಿನ ಮೂಲಕ ಸರ್ವರಿಗೆ ವಿವರಗಳನ್ನು ಕಳುಹಿಸಬಹುದು. ಶುಲ್ಕ ೫೦೦ ರೂಪಾಯಿ ಎಂದು ಪುಟದ ಗುಪ್ತ ಅಂಕಣದಲ್ಲಿ ಬರೆದಿದ್ದರೆ, ಅದನ್ನು ೫ ಎಂದು ತಿದ್ದುವುದಕ್ಕೆ ಹೆಚ್ಚಿನ ಪಾಂಡಿತ್ಯ ಬೇಕಿಲ್ಲ. ಆದುದರಿಂದ ಸರ್ವರು ಶುಲ್ಕವನ್ನು ತಾನೇ ಲೆಕ್ಕಹಾಕತಕ್ಕದ್ದು. ಉಳಿದ ವಿವರಗಳನ್ನೂ ಹಿಂದೆ ಯಾರೂ ನೋಡಿಲ್ಲವೆಂದೇ ಭಾವಿಸಿ ಪರೀಕ್ಷಿಸತಕ್ಕದ್ದು.

ಎರಡು ಕಡೆಯ ನಿಯಮಗಳು ಪರಸ್ಪರ ಹೊಂದದಿದ್ದರೆ ತೊಂದರೆಯಾಗುವುದು ನಿರ್ದೋಷಿಗೆ. ‘ಶ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಶಕಾರ, ಹಲಂತ, ರಕಾರ, ದೀರ್ಘ ಈಕಾರದ ಚಿಹ್ನೆ ಎಂಬ ೪ ಸಂಕೇತಗಳು. ಯುಟಿಎಫ್-೮ ರೂಪದಲ್ಲಿ ೧೨ ಬೈಟುಗಳು. ಬ್ರೌಸರು ಸಂಕೇತಗಳನ್ನೂ ಸರ್ವರು ಬೈಟುಗಳನ್ನೂ ಎಣಿಸಿದರೆ, ಅಲ್ಲಿ ಒಪ್ಪಿಗೆಯಾದ ಕನ್ನಡದ ಹೆಸರು ಇಲ್ಲಿ ತಿರಸ್ಕೃತವಾಗಬಹುದು. ಇಂಗ್ಲಿಷಿನ ಅಕ್ಷರವೊಂದಕ್ಕೆ ಒಂದೇ ಸಂಕೇತ, ಒಂದೇ ಬೈಟು ಆದುದರಿಂದ, ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷೆ ನಡೆಸಿದವರಿಗೆ ಈ ದೋಷ ಕಾಣುವುದೇ ಇಲ್ಲ.

ಹಾಗೆಯೇ ನಮ್ಮ ಕರಾವಳಿಯಲ್ಲಿ ಬಳಕೆಯಲ್ಲಿರುವ ಡಿ'ಸೋಜಾ ಎಂಬ ಹೆಸರಿನ ನಡುವಣ ಚಿಹ್ನೆ, ದತ್ತಸಂಚಯದ ಎಸ್‌ಕ್ಯೂಎಲ್ ಭಾಷೆಯಲ್ಲಿ ಪಠ್ಯದ ಕೊನೆಯನ್ನು ಸೂಚಿಸುತ್ತದೆ. ಅದರ ಮೂಲಕ ದುಷ್ಟ ಆಜ್ಞೆಗಳು ನುಸುಳಿಯಾವೆಂಬ ಭಯದಿಂದ ಆ ಚಿಹ್ನೆಯನ್ನೇ ನಿಷೇಧಿಸುವುದುಂಟು. ಇದು ಸರಿಯಾದ ಪರಿಹಾರವಲ್ಲ. ಆಜ್ಞೆಯನ್ನೂ ಅದರೊಳಗಿನ ಮೌಲ್ಯವನ್ನೂ ಬೇರೆಬೇರೆಯಾಗಿ ಒಪ್ಪಿಸುವ ವಿಧಾನವನ್ನು ಅನುಸರಿಸಿದರೆ ದತ್ತಸಂಚಯವೂ ಸುರಕ್ಷಿತ, ಹೆಸರೂ ಸುರಕ್ಷಿತ.

ಹೀಗೆ ಬ್ರೌಸರಿನ ಪರಿಶೀಲನೆ ಬಳಕೆದಾರನಿಗೆ ಸಲ್ಲುವ ಸೌಜನ್ಯ. ಸರ್ವರಿನದು ದಾಖಲೆಯ ರಕ್ಷಣೆ. ಮೊದಲನೆಯದಿಲ್ಲದಿದ್ದರೆ ಕೆಲಸ ನಿಧಾನವಾದೀತು. ಎರಡನೆಯದಿಲ್ಲದಿದ್ದರೆ ದಾಖಲೆಯೇ ಕೆಟ್ಟೀತು. ವಿದ್ಯಾರ್ಥಿಗಳು ಸರ್ವರಿನ ನಿಯಮಗಳನ್ನು ಮೊದಲು ನಿಶ್ಚಯಿಸಿಕೊಂಡು, ಬ್ರೌಸರಿನವನ್ನು ಅವುಗಳಿಗೆ ಅನುಗುಣವಾಗಿ ರಚಿಸುವುದು ಲೇಸೆಂದು ನಾವು ಭಾವಿಸುತ್ತೇವೆ.