ರೂಟ್‌ಮಾಸ್ಟರ್: ಲಂಡನ್ನಿನ ಕೆಂಪು ಡಬಲ್ ಡೆಕ್ಕರ್

ರೂಟ್‌ಮಾಸ್ಟರ್ ಲಂಡನ್ನಿನ ಬೀದಿಗಳಿಗೆಂದೇ ರೂಪುಗೊಂಡ ಡಬಲ್ ಡೆಕ್ಕರ್ ಬಸ್ಸು. ಮೊದಲ ಮಾದರಿ ಜನರ ಕಣ್ಣಿಗೆ ಬಿದ್ದದ್ದು 1954ರಲ್ಲಿ. ಪ್ರಯಾಣಿಕರನ್ನು ಹೊತ್ತು ಹೊರಟದ್ದು 1956ರ ಫೆಬ್ರವರಿಯಲ್ಲಿ. 1968ರ ಹೊತ್ತಿಗೆ ಇಂಥ 2,876 ಬಸ್ಸುಗಳು ತಯಾರಾಗಿದ್ದವು.

ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳನ್ನು ಕಟ್ಟಿದ ಅನುಭವ ಇದರ ವಿನ್ಯಾಸಕ್ಕೆ ನೆರವಾಯಿತು. ಹಗುರವಾದ ಅಲ್ಯೂಮಿನಿಯಂ ಮೈಯೇ ಭಾರ ಹೊರುತ್ತಿದ್ದುದರಿಂದ ಪ್ರತ್ಯೇಕ ಚಾಸಿ ಬೇಕಾಗಲಿಲ್ಲ. 64 ಆಸನಗಳಿದ್ದರೂ ತೂಕ ಸುಮಾರು ಏಳೂವರೆ ಟನ್.

ಹಿಂಬದಿಯಲ್ಲಿ ಬಾಗಿಲಿಲ್ಲದ ಕಟ್ಟೆ, ಹಿಡಿದುಕೊಳ್ಳಲು ಕಂಬ, ಪಕ್ಕದಲ್ಲೇ ಮೇಲಂತಸ್ತಿಗೆ ತಿರುಗಿ ಏರುವ ಮೆಟ್ಟಿಲು. ಬಸ್ಸು ಸಿಗ್ನಲ್‌ನಲ್ಲಿ ನಿಂತಾಗಲೂ ಜನ ಹತ್ತಿ ಇಳಿಯುತ್ತಿದ್ದರು. ಚಾಲಕ ಮುಂದಿನ ಕ್ಯಾಬಿನ್‌ನಲ್ಲಿ ಒಬ್ಬನೇ. ಕಂಡಕ್ಟರ್ ಹಗ್ಗ ಎಳೆದು ಗಂಟೆ ಒಮ್ಮೆ ಬಾರಿಸಿದರೆ ‘ನಿಲ್ಲಿಸಿ’, ಎರಡು ಬಾರಿ ಬಾರಿಸಿದರೆ ‘ರೈಟ್, ಹೊರಡಿ’.

ಕೆಲವು ವರ್ಷಗಳಿಗೊಮ್ಮೆ ಬಸ್ಸುಗಳು ಆಲ್ಡನ್‌ಹ್ಯಾಮ್ ಕಾರ್ಯಾಗಾರಕ್ಕೆ ಹೋಗುತ್ತಿದ್ದವು. ಅಲ್ಲಿ ಮೈಯನ್ನು ಬಿಚ್ಚಿ, ದುರಸ್ತಿ ಮಾಡಿ, ಹೊಸ ಬಣ್ಣ ಬಳಿದು ಕಳಿಸುತ್ತಿದ್ದರು. ದೀರ್ಘಾಯುಷ್ಯದ ಗುಟ್ಟು ಈ ಆರೈಕೆಯೇ.

1980ರ ದಶಕದಲ್ಲಿ ಲಂಡನ್ ಕೈಬಿಟ್ಟ ಹಲವು ಬಸ್ಸುಗಳು ಸ್ಕಾಟ್ಲೆಂಡಿನ ಊರುಗಳಲ್ಲಿ ಮತ್ತೆ ದುಡಿದವು. ಇನ್ನು ಕೆಲವು ಹಡಗೇರಿ ಹೊರದೇಶಗಳಲ್ಲಿ ಪ್ರವಾಸಿ ವಾಹನಗಳಾದವು.

ಗಾಲಿಕುರ್ಚಿಯವರಿಗೆ ಹತ್ತಲಾಗದ ಕೊರತೆ, ಕಂಡಕ್ಟರ್ ಸಂಬಳದ ವೆಚ್ಚ ಇವುಗಳಿಂದ ನಿತ್ಯಸೇವೆ ಮುಗಿಯಿತು. 2005ರ ಡಿಸೆಂಬರ್ 9ರಂದು 159ನೇ ಮಾರ್ಗದಲ್ಲಿ ಕೊನೆಯ ಓಡಾಟ ನಡೆಯಿತು. ಆಸಕ್ತರು ಕಾಪಾಡಿಕೊಂಡ ನೂರಾರು ರೂಟ್‌ಮಾಸ್ಟರ್‌ಗಳು ಮಾತ್ರ ಇಂದಿಗೂ ಉಳಿದಿವೆ.