ಏಲಕ್ಕಿ ದುಡ್ಡು, ಬೆನ್ನಿಗೆ ಸಾವು

ಮಲೆನಾಡಿನ ತೋಟದವರಿಗೆ ಫಸಲು ಮಾರಿ ದುಡ್ಡು ಕೈಗೆ ಬರೋ ದಿನವೇ ಹಬ್ಬ. ಕಾದಂಬರಿಕಾರ ತೇಜಸ್ವಿ ಆ ಹಬ್ಬದೊಳಗೇ ಸಾವಿನ ಭಯ ಇಟ್ಟರು.

1994ರ ‘ಜುಗಾರಿ ಕ್ರಾಸ್’ ನೋಡಿ. ಸುರೇಶ, ಗೌರಿ ಅನ್ನೋ ಎಳೆಯ ದಂಪತಿ ಏಲಕ್ಕಿ ಮಾರೋಕೆ ಹೊರಡ್ತಾರೆ. ಹಣ ಕೈಸೇರುತ್ತೆ, ಜೊತೆಗೇ ಕೊಲೆಗಡುಕರು ಬೆನ್ನು ಹತ್ತುತ್ತಾರೆ. ಹಳೇ ಕಾಡಿನ ಕಥೆಗಳಲ್ಲಿ ಹುಲಿ ಅಟ್ಟಿಸಿಕೊಂಡು ಬರ್ತಿತ್ತು, ಇಲ್ಲಿ ಮನುಷ್ಯನ ದುರಾಸೆ ಬರುತ್ತೆ. ಹುಲಿಗಾದ್ರೂ ಹೊಟ್ಟೆ ತುಂಬೋದುಂಟು!

ಅದಕ್ಕೂ ಮೊದಲು, 1985ರಲ್ಲಿ, ‘ಚಿದಂಬರ ರಹಸ್ಯ’. ಕೆಸರೂರಿನಲ್ಲಿ ಏಲಕ್ಕಿ ಇಳುವರಿ ಯಾಕೆ ಕುಸೀತು ಅಂತ ತನಿಖೆ. ಊರ ಜನ ತಂತಮ್ಮ ಜಗಳ, ಲಾಭ, ಜಾತಿ ಲೆಕ್ಕದಲ್ಲಿ ಮುಳುಗಿದ್ದಾಗ ಕಾಡಿಗೆ ಬೆಂಕಿ ಬೀಳುತ್ತೆ. ನನ್ನ ಮಟ್ಟಿಗೆ ಕನ್ನಡದ ಅತ್ಯಂತ ಭಯಾನಕ ಕೊನೆ ಅದು.

ಮೂಡಿಗೆರೆಯಲ್ಲಿ ತಾವೇ ಕಾಫಿ ಬೆಳೆದವರು ತೇಜಸ್ವಿ. ಬೆಲೆ ಏರಿದಾಗ, ಇಳಿದಾಗ ಜನರ ಮುಖ ಹೇಗೆ ಬದಲಾಗುತ್ತೆ ಅಂತ ಹತ್ತಿರದಿಂದ ಕಂಡವರು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ಗೆ ಬಂದರೆ ಅದೇ ಭಯ ಬೆಂಗಳೂರಿನ ಮನೆಯೊಳಗಿದೆ. ಮಸಾಲೆ ವ್ಯಾಪಾರದಿಂದ ದುಡ್ಡು ಬಂತು, ದೊಡ್ಡ ಮನೆ ಬಂತು, ಸಾಮಾನು ತುಂಬಿತು. ಊರಿಗೆ ಹೋದ ಹೆಂಡತಿ ಮಾತ್ರ ಇನ್ನೂ ವಾಪಸ್ ಬಂದಿಲ್ಲ.