ಗುದ್ದಲೇ ಇಲ್ಲ, ಏರ್‌ಬ್ಯಾಗ್ ಹೊರಗೆ ಬಂತು

ಶ್ರೀನಿವಾಸಪುರದ ಕಡೆಯ ನಮ್ಮ ಕ್ಲಾಸ್‌ಮೇಟ್ ಒಬ್ಬನ ಚಿಕ್ಕಪ್ಪ, ಕಳೆದ ಮಾವಿನ ಸೀಸನ್‌ನಲ್ಲಿ ಒಂದು ರಾತ್ರಿ ಕೋಲಾರದಿಂದ ಊರಿಗೆ ವಾಪಸ್ ಹೋಗ್ತಾ ಇದ್ದರು. ಒಂದು ಹಳ್ಳಿ ದಾಟುವಾಗ ಬಣ್ಣ ಬಳಿಯದ ಹಂಪ್, ಅದರ ಪಕ್ಕದಲ್ಲೇ ಗುಂಡಿ. ಬ್ರೇಕ್ ಹಾಕಿದರೂ ಎಡಗಡೆಯ ಮುಂದಿನ ಚಕ್ರ ಗುಂಡಿಗೆ ಇಳಿದೇಬಿಟ್ಟಿತು. ಆಮೇಲೆ ಕೇಳಿಸಿದ್ದು ಆಟಂ ಬಾಂಬ್ ಪಟಾಕಿ ಕಿವಿಯ ಪಕ್ಕದಲ್ಲೇ ಸಿಡಿದಂಥ ಸದ್ದು. ಕಾರಿನೊಳಗೆಲ್ಲ ಹೊಗೆ, ಬಿಳಿ ಪುಡಿ. ಎಡಗಡೆ ಕಿಟಕಿಯ ಮೇಲಿಂದ ಕರ್ಟನ್ ಏರ್‌ಬ್ಯಾಗ್ ಇಳಿಬಿದ್ದಿತ್ತು, ಸೀಟಿನ ಪಕ್ಕದ್ದು ಸೀಟ್ ಕವರ್ ಹರಿದುಕೊಂಡು ಹೊರಗೆ ಬಂದಿತ್ತು. ಎಡಗಡೆ ಕೂತಿದ್ದ ಚಿಕ್ಕಮ್ಮನ ತೋಳು ತರಚಿತ್ತು, ಎರಡು ದಿನ ಕಿವಿಯಲ್ಲಿ ಗುಂಯ್ ಅನ್ನೋದು ನಿಲ್ಲಲಿಲ್ಲ. ಕಾರಿನ ಮೈಮೇಲೆ ಮಾತ್ರ ಒಂದು ಗೆರೆಯೂ ಬಿದ್ದಿರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಕಾರಿಗೆ ನಾಲ್ಕು ವರ್ಷ, ವಾರಂಟಿ ಮೂರಕ್ಕೇ ಮುಗಿದಿತ್ತು. ಸರ್ವಿಸ್ ಸೆಂಟರ್‌ನವರು 'ಕೆಳಗಡೆಯಿಂದ ಪೆಟ್ಟು ಬಿದ್ದಿದೆ ಸಾರ್, ಅದಕ್ಕೇ ತೆರೆದಿದೆ, ಸಿಸ್ಟಂ ಸರಿಯಾಗೇ ಕೆಲಸ ಮಾಡಿದೆ, ಇನ್ಶೂರೆನ್ಸ್‌ಗೆ ಹೋಗಿ' ಅಂದರು. ಇನ್ಶೂರೆನ್ಸ್ ಸರ್ವೇಯರ್ ಬಂದು ಸುತ್ತ ನೋಡಿ 'ಪೆಟ್ಟೇ ಬಿದ್ದಿಲ್ಲವಲ್ಲ, ಇದು ಎಲೆಕ್ಟ್ರಿಕಲ್ ದೋಷ, ಕಂಪನಿಯನ್ನು ಕೇಳಿ' ಅಂದರು. ಒಂದೇ ಘಟನೆ, ಎರಡು ಷರಾ. ಇಬ್ಬರದೂ ಏಕಕಾಲಕ್ಕೆ ನಿಜ ಆಗೋಕೆ ಸಾಧ್ಯವಿಲ್ಲ. ಆದರೆ ಇಬ್ಬರ ಮಾತಿನ ಫಲ ಒಂದೇ: ಎರಡು ಲಕ್ಷ ದಾಟಿದ ಎಸ್ಟಿಮೇಟ್ ಚಿಕ್ಕಪ್ಪನ ಕೈಯಲ್ಲಿ.

ನಮ್ಮ ಕನ್ನಡ ಸಂಘದಲ್ಲಿ ಮೆಕ್ಯಾನಿಕಲ್‌ನವರೂ ಇದ್ದೇವೆ, ಇ ಅಂಡ್ ಸಿಯವರೂ ಇದ್ದೇವೆ. ಗುದ್ದದೆ ಏರ್‌ಬ್ಯಾಗ್ ತೆರೆಯೋಕೆ ಹೇಗೆ ಸಾಧ್ಯ ಅಂತ ಕ್ಯಾಂಟೀನ್‌ನಲ್ಲಿ ಶುರುವಾದ ಜಗಳ ಈ ಲೇಖನ ಆಯಿತು.

ಏರ್‌ಬ್ಯಾಗ್ ಗಾಳಿಚೀಲ ಅಂತ ಹೆಸರಿಗೆ ಮಾತ್ರ, ಅದನ್ನು ತುಂಬುವುದು ಒಂದು ಸಣ್ಣ ಸಿಡಿತ. ಕಂಟ್ರೋಲ್ ಯೂನಿಟ್ ಅನ್ನೋ ಡಬ್ಬಿ ಸಾಮಾನ್ಯವಾಗಿ ಗೇರ್ ಲಿವರ್ ಹತ್ತಿರ, ನೆಲಕ್ಕೆ ಬೋಲ್ಟ್ ಆಗಿ ಕೂತಿರುತ್ತದೆ. ಅದರೊಳಗೆ ಆಕ್ಸಿಲರೋಮೀಟರ್. ಬಂಪರ್ ಹಿಂದೆ ಮತ್ತು ಬಾಗಿಲಿನ ಕಂಬದಲ್ಲಿ ಇನ್ನಷ್ಟು ಸೆನ್ಸರ್‌ಗಳು. 'ಹಾರಿಸು' ಅಂತ ತೀರ್ಮಾನವಾದರೆ ಸ್ಕ್ವಿಬ್ ಅನ್ನೋ ಪುಟ್ಟ ಕಿಡಿಗೆ ಕರೆಂಟ್ ಹೋಗುತ್ತದೆ. ಸ್ಕ್ವಿಬ್‌ನ ರೆಸಿಸ್ಟೆನ್ಸ್ ಸುಮಾರು 2 ಓಮ್. ಒಂದೂಕಾಲು ಆಂಪಿಯರ್ ಬರೀ ಎರಡು ಮಿಲಿಸೆಕೆಂಡ್ ಹರಿದರೆ ಸಾಕು, ಇನ್‌ಫ್ಲೇಟರ್‌ನಲ್ಲಿರುವ ಪುಡಿ ಹೊತ್ತಿಕೊಂಡು ಗ್ಯಾಸ್ ಆಗುತ್ತದೆ. ಚೀಲ ತುಂಬಲು ಸುಮಾರು 30 ಮಿಲಿಸೆಕೆಂಡ್. ಕಣ್ಣು ಮಿಟುಕಿಸಲು ಅದರ ಮೂರ್ನಾಲ್ಕು ಪಟ್ಟು ಹೊತ್ತು ಬೇಕು. ಆ ವೇಗದಲ್ಲಿ ಬರುವ ಬಟ್ಟೆಗೆ ಮಗುವಿನ ಕತ್ತು ತಡೆಯುವುದಿಲ್ಲ. ಮಗುವನ್ನು ತೊಡೆಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಹೋಗಬೇಡಿ ಅನ್ನೋದು ಅದಕ್ಕೇ.

ಹಾಗಾದರೆ ಗುಂಡಿಗೂ ಡಿಕ್ಕಿಗೂ ಡಬ್ಬಿ ವ್ಯತ್ಯಾಸ ಕಂಡುಹಿಡಿಯುವುದು ಹೇಗೆ? ಬರೀ ಪೀಕ್ ಜಿ ನೋಡಿದರೆ ಮೋಸ ಹೋಗುತ್ತದೆ, ಯಾಕಂದರೆ ಗುಂಡಿಯ ಏಟಿನ ಪೀಕ್ ಕೆಲವೊಮ್ಮೆ ಡಿಕ್ಕಿಯದಕ್ಕಿಂತ ಜಾಸ್ತಿ. ಅದಕ್ಕೇ ವೇಗವರ್ಧನೆಯನ್ನು ಕಾಲದ ಮೇಲೆ ಇಂಟಿಗ್ರೇಟ್ ಮಾಡಿ, ವೇಗ ಎಷ್ಟು ಬದಲಾಯಿತು ಅಂತ ನೋಡುತ್ತಾರೆ. ಲೆಕ್ಕಕ್ಕೆ ಹಾಫ್ ಸೈನ್ ಪಲ್ಸ್ ಅಂದುಕೊಳ್ಳಿ. ಗುಂಡಿಯಲ್ಲಿ 30 ಜಿ, 5 ಮಿಲಿಸೆಕೆಂಡ್: ವೇಗದ ಬದಲಾವಣೆ ಗಂಟೆಗೆ ಸುಮಾರು 3.4 ಕಿ.ಮೀ. ಡಿಕ್ಕಿಯಲ್ಲಿ 25 ಜಿ, 80 ಮಿಲಿಸೆಕೆಂಡ್: ಗಂಟೆಗೆ ಸುಮಾರು 45 ಕಿ.ಮೀ. ಪೀಕ್ ಕಡಿಮೆ, ಪರಿಣಾಮ ಹದಿಮೂರು ಪಟ್ಟು. ಸಾಲದ್ದಕ್ಕೆ 'ಸೇಫಿಂಗ್' ಅಂತ ಇನ್ನೊಂದು ಸೆನ್ಸರ್ ಕೂಡ ಹೌದು ಅನ್ನಬೇಕು. ಕಾರು ಮಾರುಕಟ್ಟೆಗೆ ಬರುವ ಮುಂಚೆ ಗುಂಡಿ, ಫುಟ್‌ಪಾತ್ ಅಂಚು, ಜೋರಾಗಿ ಬಡಿದ ಬಾಗಿಲು, ಸುತ್ತಿಗೆ ಏಟು ಎಲ್ಲವನ್ನೂ 'ಮಿಸ್‌ಯೂಸ್ ಟೆಸ್ಟ್' ಅಂತ ಮಾಡಿ, ಏರ್‌ಬ್ಯಾಗ್ ತೆರೆಯಬಾರದು ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಅಂದರೆ ಗುಂಡಿ ಅನ್ನೋದು ಡಿಸೈನ್ ಮಾಡಿದವರಿಗೆ ಗೊತ್ತಿಲ್ಲದ ವಿಷಯ ಅಲ್ಲ.

ಕಷ್ಟ ಇರುವುದು ಪಕ್ಕದ ಏರ್‌ಬ್ಯಾಗ್‌ಗಳಲ್ಲಿ. ಮುಂದೆ ಬಾನೆಟ್ ಇದೆ, ನಜ್ಜುಗುಜ್ಜಾಗಲು ಜಾಗ ಇದೆ, ತೀರ್ಮಾನಕ್ಕೆ 15ರಿಂದ 30 ಮಿಲಿಸೆಕೆಂಡ್ ಸಿಗುತ್ತದೆ. ಪಕ್ಕದಲ್ಲಿ ನಮಗೂ ಎದುರಿನ ಲಾರಿಗೂ ನಡುವೆ ಒಂದು ಬಾಗಿಲು ಅಷ್ಟೇ. 5ರಿಂದ 10 ಮಿಲಿಸೆಕೆಂಡಿನಲ್ಲಿ ಹೇಳಿಬಿಡಬೇಕು. ಪಲ್ಸ್ ಪೂರ್ತಿ ನೋಡುವಷ್ಟು ಪುರುಸೊತ್ತೇ ಇಲ್ಲ. ಮೇಲಾಗಿ ಕೆಲವು ಕಾರುಗಳಲ್ಲಿ ಪಲ್ಟಿ ಆಗುವುದನ್ನು ಹಿಡಿಯಲು ಜೈರೋ ಇರುತ್ತದೆ, ಒಂದು ಕಡೆ ಚಕ್ರ ಥಟ್ಟನೆ ಕುಸಿದರೆ ಅದೂ ಗಲಿಬಿಲಿಯಾಗಬಹುದು. ಹೀಗಾಗಿ ಯಾವ ಏರ್‌ಬ್ಯಾಗ್ ತೆರೆಯಿತು ಅನ್ನೋದೇ ಒಂದು ಸುಳಿವು. ಚಿಕ್ಕಪ್ಪನ ಕಾರಿನಲ್ಲಿ ತೆರೆದಿದ್ದು ಎಡಗಡೆಯದು ಮಾತ್ರ. ಪಲ್ಟಿ ಲೆಕ್ಕವಾಗಿದ್ದರೆ ಎರಡೂ ಕಡೆಯ ಕರ್ಟನ್ ಬರುವ ಸಾಧ್ಯತೆ ಹೆಚ್ಚು ಅನ್ನೋದು ನಮ್ಮ ಇ ಅಂಡ್ ಸಿ ಹುಡುಗಿಯರ ವಾದ. ಮೆಕ್ಯಾನಿಕಲ್‌ನವರು ಇನ್ನೂ ಒಪ್ಪಿಲ್ಲ.

ಎಲೆಕ್ಟ್ರಿಕಲ್ ಕಾರಣಗಳೂ ಇವೆ, ಅವುಗಳಲ್ಲಿ ನಮಗೆ ತುಂಬ ಇಷ್ಟವಾದದ್ದು ಜೇಡದ ಕಥೆ. 2013ರಲ್ಲಿ ಟೊಯೋಟಾ 8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಯಿತು. ಎಸಿಯ ನೀರು ಹೊರಹೋಗುವ ಪೈಪಿನಲ್ಲಿ ಜೇಡ ಬಲೆ ಕಟ್ಟಿದರೆ ನೀರು ಕಟ್ಟಿಕೊಂಡು ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಮೇಲೆ ತೊಟ್ಟಿಕ್ಕಬಹುದು, ಶಾರ್ಟ್ ಆಗಿ ಏರ್‌ಬ್ಯಾಗ್ ತೆರೆಯಬಹುದು ಅನ್ನೋ ಕಾರಣಕ್ಕೆ! ನಮ್ಮ ಕಡೆ ಜೇಡಕ್ಕಿಂತ ಇಲಿ ಜಾಸ್ತಿ. ಆದರೆ ಇಲಿ ವೈರ್ ಕಡಿದರೆ ಸಾಮಾನ್ಯವಾಗಿ ಏರ್‌ಬ್ಯಾಗ್ ಹಾರುವುದಿಲ್ಲ. ಡಬ್ಬಿ ಪ್ರತಿ ಸ್ಕ್ವಿಬ್‌ನ ರೆಸಿಸ್ಟೆನ್ಸ್ ಅಳೆಯುತ್ತಲೇ ಇರುತ್ತದೆ, ತುಂಡಾದರೆ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ ಹತ್ತುತ್ತದೆ. ಹಳದಿ ಕನೆಕ್ಟರ್ ಕಳಚಿದರೂ ಒಳಗಿನ ಶಾರ್ಟಿಂಗ್ ಬಾರ್ ಎರಡು ಪಿನ್‌ಗಳನ್ನು ಸೇರಿಸಿಬಿಡುತ್ತದೆ, ಸ್ಟಾಟಿಕ್ ಕರೆಂಟಿಗೆ ಸಿಡಿಯಬಾರದು ಅಂತ. ಇಷ್ಟು ಜಾಗ್ರತೆ ಇರುವ ಸಿಸ್ಟಂ ತಾನಾಗಿ ತೆರೆಯಿತು ಅಂದರೆ ಅದನ್ನು 'ಏನೋ ಆಗಿರುತ್ತೆ ಬಿಡಿ' ಅಂತ ಬಿಡುವಂತಿಲ್ಲ.

ಸಾಫ್ಟ್‌ವೇರ್ ತಪ್ಪಬಹುದು ಅಂತ ಕಂಪನಿಗಳೇ ಒಪ್ಪಿದ ಉದಾಹರಣೆಗಳೂ ಇವೆ. ನಮ್ಮ ಗಡಿಯಾಚೆ ಪೆನುಕೊಂಡದಲ್ಲಿ ಫ್ಯಾಕ್ಟರಿ ಇರುವ ಕಿಯಾ, 2022ರ ಅಕ್ಟೋಬರ್‌ನಲ್ಲಿ 44,174 ಕ್ಯಾರೆನ್ಸ್ ಕಾರುಗಳನ್ನು ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ಟಿನ ಸಾಫ್ಟ್‌ವೇರ್ ಪರೀಕ್ಷೆಗೆ ಕರೆಯಿತು. 2023ರ ಜನವರಿಯಲ್ಲಿ ಮಾರುತಿ 17,362 ಕಾರುಗಳನ್ನು ಕರೆದದ್ದು ಇದೇ ಡಬ್ಬಿ ಬದಲಿಸಲು. ಅಲ್ಲಿದ್ದ ಭಯ ಉಲ್ಟಾ, ಡಿಕ್ಕಿಯಾದಾಗ ತೆರೆಯದೇ ಇರಬಹುದು ಅಂತ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ 2017ರಲ್ಲಿ 23,157 ಕೊರೊಲ್ಲಾ ಆಲ್ಟಿಸ್ ಕರೆದದ್ದು ಟಕಾಟಾ ಕಂಪನಿಯ ಇನ್‌ಫ್ಲೇಟರ್‌ಗಾಗಿ. ಅದರಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿಲು, ತೇವಕ್ಕೆ ಸಿಕ್ಕಿ ಹಾಳಾಗಿ, ಬೇಕಾದ್ದಕ್ಕಿಂತ ವೇಗವಾಗಿ ಉರಿದು ಲೋಹದ ಡಬ್ಬವನ್ನೇ ಚೂರು ಮಾಡುತ್ತಿತ್ತು. ಲೋಕದಾದ್ಯಂತ ಹತ್ತು ಕೋಟಿ ಇನ್‌ಫ್ಲೇಟರ್ ವಾಪಸ್ ಕರೆಸಿದ ಪ್ರಕರಣ ಅದು. ಟಕಾಟಾ 2017ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಈಗ ಚಿಕ್ಕಪ್ಪನ ಎಸ್ಟಿಮೇಟಿಗೆ ಬರೋಣ. ತೆರೆದ ಏರ್‌ಬ್ಯಾಗನ್ನು ಮಡಚಿ ಒಳಗಿಡಲು ಬರುವುದಿಲ್ಲ. ಎರಡು ಏರ್‌ಬ್ಯಾಗ್, ಸೀಟ್ ಬೆಲ್ಟಿನ ಪ್ರಿಟೆನ್ಷನರ್, ಚಾವಣಿಯ ಲೈನಿಂಗ್, ಸೀಟ್ ಕವರ್, ಕಂಟ್ರೋಲ್ ಯೂನಿಟ್. ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಹಳೆಯ ಯೂನಿಟ್ಟಿನ ಮೆಮೊರಿಯಲ್ಲೇ ಆ ಕ್ಷಣದ ದಾಖಲೆ ಇರುವುದು, ಅಂದರೆ ಗುದ್ದಿತೋ ಇಲ್ಲವೋ ಅನ್ನೋದಕ್ಕೆ ಇರುವ ಸಾಕ್ಷಿ ಅದೇ. ಅದನ್ನು ಓದುವ ಟೂಲ್ ಕಂಪನಿಯ ಕೈಯಲ್ಲಿ. 'ಬೇಗ ರೆಡಿ ಮಾಡಿಕೊಡ್ತೀವಿ, ಅಪ್ರೂವಲ್ ಕೊಡಿ' ಅಂದಾಗ ಮಾಲೀಕ ತಲೆಯಾಡಿಸಿದರೆ ಸಾಕ್ಷಿ ಗುಜರಿಗೆ ಹೋಗುತ್ತದೆ.

ಬೆಂಗಳೂರಲ್ಲಿ ಇರುವವರಿಗೆ ಸರ್ವಿಸ್ ಸೆಂಟರ್‌ಗೆ ನಾಲ್ಕು ಸಲ ಅಲೆಯುವುದು ಬೇಜಾರಿನ ಕೆಲಸ ಅಷ್ಟೇ. ಮುಳಬಾಗಿಲಿನ ಆಚೆಯವರಿಗೋ ಮಾಲೂರಿನ ಹಳ್ಳಿಯವರಿಗೋ ಪ್ರತಿ ಸಲವೂ ಒಂದು ದಿನದ ಕೂಲಿ, ಬಸ್ ಚಾರ್ಜು, ಟೋಯಿಂಗ್ ಬಿಲ್ಲು. ತಿಂಗಳಾದ ಮೇಲೆ 'ಗಾಡಿ ಎತ್ತದಿದ್ದರೆ ದಿನಕ್ಕಿಷ್ಟು ಪಾರ್ಕಿಂಗ್' ಅಂತ ಮೆಸೇಜ್. ಆಗ ಪಕ್ಕದ ಗ್ಯಾರೇಜಿನವನು 'ಅಣ್ಣಾ, ಕಡಿಮೆಗೆ ಮಾಡಿಕೊಡ್ತೀನಿ' ಅಂತ ಸಿಗುತ್ತಾನೆ. ಮಾಡುವುದೇನು ಗೊತ್ತಾ? ಏರ್‌ಬ್ಯಾಗ್ ಜಾಗದಲ್ಲಿ 2 ಓಮ್ ರೆಸಿಸ್ಟರ್ ಸಿಕ್ಕಿಸಿ ಕವರ್ ಹೊಲಿಯುವುದು. ಡಬ್ಬಿಗೆ ಎಲ್ಲ ಸರಿ ಅನ್ನಿಸುತ್ತದೆ, ಕೆಂಪು ದೀಪ ಆರುತ್ತದೆ. ಮೂರು ರೂಪಾಯಿಯ ರೆಸಿಸ್ಟರ್. ಆ ಕಾರು ಮುಂದೆ ಸೆಕೆಂಡ್ ಹ್ಯಾಂಡ್ ಆಗಿ ನಮ್ಮಲ್ಲೇ ಯಾರದೋ ಮನೆಗೆ ಬರುತ್ತದೆ. ಹಳೆ ಕಾರು ನೋಡಲು ಹೋದಾಗ ಇಗ್ನಿಷನ್ ಆನ್ ಮಾಡಿ: ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿಗೆ ಆರಬೇಕು. ಹತ್ತಲೇ ಇಲ್ಲ ಅಂದರೆ ಬಲ್ಬ್ ಕಿತ್ತಿದ್ದಾರೆ. ರೆಸಿಸ್ಟರ್ ಹಾಕಿದ್ದರೆ ಇದೂ ಸಿಕ್ಕಿಬೀಳುವುದಿಲ್ಲ, ಸೀಟು ಮತ್ತು ಚಾವಣಿಯ ಹೊಲಿಗೆ ನೋಡಬೇಕು. ಮಲ್ಟಿಮೀಟರ್ ಇದೆ ಅಂತ ಹಳದಿ ಕನೆಕ್ಟರ್‌ಗೆ ಹಚ್ಚಬೇಡಿ. ಬ್ಯಾಟರಿ ಕಳಚಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಕೆಲವು ನಿಮಿಷ ಉಳಿದಿರುತ್ತದೆ.

ಕಾನೂನು ನಾವಂದುಕೊಂಡಿದ್ದಕ್ಕಿಂತ ಮಾಲೀಕರ ಕಡೆಗಿದೆ. ಒಂದು ಕ್ರೆಟಾ ಕಾರಿನ ಪ್ರಕರಣದಲ್ಲಿ 2022ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ಹ್ಯುಂಡೈ ಮೇಲ್ಮನವಿಯನ್ನು ತಳ್ಳಿಹಾಕಿತು. 2017ರಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆದಿರಲಿಲ್ಲ. ವೇಗ, ಬಲದ ಸಿದ್ಧಾಂತ ಹಿಡಿದು ಡಿಕ್ಕಿಯ ತೀವ್ರತೆ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಅನ್ನೋದು ಆ ತೀರ್ಪಿನ ತಿರುಳು. ನಾವು ಮೇಲೆ ಇಂಟಿಗ್ರೇಷನ್ ಮಾಡಿದ್ದು ನಮ್ಮ ಚಪಲಕ್ಕೆ, ಚಿಕ್ಕಪ್ಪ ಮಾಡಬೇಕಾಗಿಲ್ಲ. ಅದು ತೆರೆಯದ ಕೇಸು, ನಮ್ಮದು ತೆರೆದ ಕೇಸು, ಆದರೂ ಈ ತರ್ಕ ಇಲ್ಲಿಗೂ ಒದಗುತ್ತದೆ ಅನ್ನೋದು ನಮ್ಮ ಅಭಿಪ್ರಾಯ.

2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಲು ಕಾರು ಕೊಂಡ ಊರಿಗೆ ಹೋಗಬೇಕಿಲ್ಲ, ತಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಶ್ರೀನಿವಾಸಪುರದವರಿಗೆ ಕೋಲಾರದ ಜಿಲ್ಲಾ ಆಯೋಗ ಸಾಕು. 50 ಲಕ್ಷದವರೆಗಿನ ಬೆಲೆಯ ಕಾರು ಅಲ್ಲೇ ಬರುತ್ತದೆ. ಶುಲ್ಕ, ಐದು ಲಕ್ಷ ಮೀರಿದ, ಹತ್ತು ಲಕ್ಷದೊಳಗಿನ ಕಾರಿಗೆ 200 ರೂಪಾಯಿ, ಇಪ್ಪತ್ತರೊಳಗೆ 400. ಘಟನೆಯಾದ ಎರಡು ವರ್ಷದೊಳಗೆ ಹಾಕಬೇಕು. ಹೊಟ್ಟೆಪಾಡಿಗೆ ತಾವೇ ಓಡಿಸುವ ಹಳದಿ ಬೋರ್ಡಿನವರೂ ಗ್ರಾಹಕರೇ. ದೋಷ ಇದೆಯೋ ಇಲ್ಲವೋ ಅಂತ ತಿಳಿಯಲು ವಸ್ತುವನ್ನು ಲ್ಯಾಬಿಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ, ಹಳೆ ಯೂನಿಟ್ ಉಳಿದಿದ್ದರೆ ಮಾತ್ರ ಅದು ಪ್ರಯೋಜನಕ್ಕೆ ಬರುವುದು. ಮೊದಲ ಹೆಜ್ಜೆಗೆ 1915 ಸಹಾಯವಾಣಿ ಇದೆ. ಮೋಟಾರು ವಾಹನ ಕಾಯ್ದೆಯ 110ಎ ಸೆಕ್ಷನ್ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಏಳು ವರ್ಷದೊಳಗಿನ ವಾಹನದ ದೋಷವನ್ನು ವಾಹನ್ ಪೋರ್ಟಲ್‌ನಲ್ಲಿ ದಾಖಲಿಸಬಹುದು. ಒಂದೇ ಮಾದರಿಯ ಬಗ್ಗೆ ಸಾಕಷ್ಟು ದೂರು ಬಂದರೆ ಸರ್ಕಾರ ರೀಕಾಲ್‌ಗೆ ಆದೇಶಿಸಬಹುದು. ನಮ್ಮ ಜನ ದಾಖಲಿಸೋದೇ ಇಲ್ಲ, ಶೋರೂಂನಲ್ಲಿ ಜಗಳ ಆಡಿ ಬರುತ್ತಾರೆ.

ಚಿಕ್ಕಪ್ಪ ಒಂದು ಕೆಲಸ ಸರಿಯಾಗಿ ಮಾಡಿದ್ದರು. ಆ ರಾತ್ರಿಯೇ ಮೊಬೈಲ್‌ನಲ್ಲಿ ಕಾರಿನ ನಾಲ್ಕೂ ಕಡೆ, ಚಕ್ರದ ರಿಮ್ಮು, ಗುಂಡಿ ಎಲ್ಲ ಫೋಟೋ ಹಿಡಿದಿದ್ದರು. ಮಾರನೇ ದಿನ ನಾವು ಹೋಗಿ ಟೇಪ್ ಇಟ್ಟು ಗುಂಡಿಯ ಆಳ ಅಳೆದೆವು. ಆಮೇಲೆ ಸರ್ವಿಸ್ ಸೆಂಟರ್‌ಗೂ ಇನ್ಶೂರೆನ್ಸ್‌ಗೂ ಇಮೇಲ್ ಬರೆದು, ನಿಮ್ಮ ತೀರ್ಮಾನವನ್ನು ಬರಹದಲ್ಲಿ ಕೊಡಿ, ಡಯಾಗ್ನೋಸ್ಟಿಕ್ ಪ್ರಿಂಟೌಟ್ ಕೊಡಿ, ಹಳೆಯ ಯೂನಿಟ್ ಅಳಿಸದೆ ಹಾಗೇ ಇಡಿ ಅಂತ ಕೇಳಿದೆವು. ಬಾಯಲ್ಲಿ ಅಷ್ಟು ಖಚಿತವಾಗಿ ಮಾತಾಡಿದ ಇಬ್ಬರೂ ಬರಹ ಕೇಳಿದ ಮೇಲೆ ಮೂರು ವಾರ ಸುಮ್ಮನಾದರು. ಕೊನೆಗೆ ಒಂದೇ ವಾರದಲ್ಲಿ ಎರಡೂ ಪತ್ರ ಬಂದವು: ಒಂದರಲ್ಲಿ 'ಬಾಹ್ಯ ಆಘಾತ ಆಗಿದೆ', ಇನ್ನೊಂದರಲ್ಲಿ 'ಬಾಹ್ಯ ಆಘಾತ ಕಂಡುಬಂದಿಲ್ಲ'. ಎರಡನ್ನೂ ಜೊತೆಗಿಟ್ಟು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ ದೂರು ತಯಾರಾಗಿದೆ. ಸೋಮವಾರ ಕೋಲಾರಕ್ಕೆ ಹೋಗುತ್ತಿದ್ದೇವೆ. ಚಿಕ್ಕಮ್ಮ ಮಾತ್ರ ಈಗಲೂ ಕಾರಿನಲ್ಲಿ ಎಡಗಡೆ ಕೂರುವುದಿಲ್ಲ.